ಮೇ ತಿಂಗಳ ಗೋಕರ್ಣ

ಗೋಕರ್ಣಕ್ಕೆ ಯಾವಾಗ ಹೋಗಬೇಕು ಎಂದು ಕೇಳಿದವರಿಗೆ ನಾನು ಮೇ ತಿಂಗಳು ಎನ್ನುತ್ತೇನೆ. ಸೆಕೆಗೆ ಅಂಗಿ ಬೆನ್ನಿಗಂಟುವ ತಿಂಗಳದು. ಚಳಿಗಾಲಕ್ಕೆ ಬಂದಿದ್ದ ವಿದೇಶಿಯರು ಹೊರಟುಹೋಗಿರುತ್ತಾರೆ, ಕುಡ್ಲೆ ತೀರದ ಚಪ್ಪರದ ಹೋಟೆಲುಗಳು ಒಂದೊಂದಾಗಿ ಗಂಟುಮೂಟೆ ಕಟ್ಟುತ್ತಿರುತ್ತವೆ. ಪ್ರವಾಸಿಗರ ಉಪಚಾರದಿಂದ ಬಿಡುವು ಸಿಕ್ಕಿ ಊರು ತನ್ನ ಪಾಡಿಗೆ ತಾನಿರುವುದು ಆಗಲೇ.

ಮೊದಲೆಲ್ಲ ನಾವು ಉಳಿಯುತ್ತಿದ್ದುದು ರಥಬೀದಿಯ ಹಿಂದಿನ ಓಣಿಯ ಒಂದು ಭಟ್ಟರ ಮನೆಯಲ್ಲಿ. ಹೋಂಸ್ಟೇಗಳ ಬೋರ್ಡು ಬರುವುದಕ್ಕೆ ಎಷ್ಟೋ ಮೊದಲಿಂದ ಇಂಥ ಮನೆಗಳು ಪಿತೃಕಾರ್ಯಕ್ಕೆ ಬಂದವರಿಗೆ ಜಾಗ ಕೊಡುತ್ತಿದ್ದವು. ಮಧ್ಯಾಹ್ನದ ಊಟದ ಕೊನೆಗೆ ಅಪ್ಪೆಹುಳಿ. ಬೇಯಿಸಿದ ಅಪ್ಪೆಮಾವನ್ನು ಕಿವುಚಿ, ನೀರಿಗೆ ಬೆರೆಸಿ, ಹಸಿಮೆಣಸು, ಇಂಗು, ಸಾಸಿವೆಯ ಒಗ್ಗರಣೆ ಕೊಟ್ಟ ಸಾರು. ಕುಡಿದರೆ ಕಣ್ಣು ತಾನಾಗಿ ಎಳೆಯುತ್ತದೆ. "ಇನ್ನೊಂದು ಲೋಟ ಹಾಕ್ತೆ, ತಗಳಿ. ಮಲಗೂದು ಬಿಟ್ರೆ ಮತ್ತೆಂತಾ ಕೆಲ್ಸ ಅದೆ ನಿಮ್ಗೆ?" ಎನ್ನುತ್ತಿದ್ದರು ಮನೆಯ ಅಮ್ಮ. ಸೋಮಾರಿತನಕ್ಕೆ ಅಷ್ಟು ಅಕ್ಕರೆಯ ಅಪ್ಪಣೆ ನನಗೆ ಬೇರೆಲ್ಲೂ ಸಿಕ್ಕಿಲ್ಲ. ಇಳಿಹೊತ್ತಿಗೆ ಎದ್ದು ಬೀದಿಗೆ ಬಂದರೆ ಹಾಲಕ್ಕಿ ಹೆಂಗಸರು ಕೊರಳ ತುಂಬ ಮಣಿಸರ ಹೊತ್ತು, ಬಸಳೆ ಸೂಡಿ, ಅಬ್ಬಲಿಗೆ ದಂಡೆ ಇಟ್ಟುಕೊಂಡು ಕೂತಿರುತ್ತಿದ್ದರು.

ಅತ್ತ ಸಾಣಿಕಟ್ಟೆಯಲ್ಲಿ ಉಪ್ಪಿನ ಆಗರದ ಕೆಲಸ ಭರದಲ್ಲಿರುತ್ತದೆ. ಉಬ್ಬರದ ನೀರನ್ನು ಒಳಬಿಟ್ಟು, ಮಡಿಯಿಂದ ಮಡಿಗೆ ಹಾಯಿಸುತ್ತ ಬಿಸಿಲಿಗೆ ಗಟ್ಟಿಮಾಡಿ, ಕಡೆಗೆ ಹರಳನ್ನು ಎಳೆದು ಗುಡ್ಡೆ ಹಾಕುತ್ತಾರೆ. ಮೊದಲ ಮಳೆ ಬಿದ್ದರೆ ಆ ವರ್ಷದ ಉಪ್ಪು ಮುಗಿಯಿತು. ಇಳಿತದ ಹೊತ್ತಿಗೆ ಅಘನಾಶಿನಿಯ ಅಳಿವೆಯಲ್ಲಿ ಜನ ಸೊಂಟಮಟ್ಟ ನೀರಿಗಿಳಿದು ಬೆಳಚಿನ ಚಿಪ್ಪು ಹೆಕ್ಕುತ್ತಾರೆ. ಈ ಅಳಿವೆ 2024ರಲ್ಲಿ ಜೌಗುಭೂಮಿಗಳ ರಾಮ್ಸರ್ ಪಟ್ಟಿ ಸೇರಿದಾಗ ನಮ್ಮನೆಯವರಿಗೇ ಬಿರುದು ಬಂದಷ್ಟು ಹಿಗ್ಗಿದೆ.

ಕಾಳಿದಾಸನ ರಘುವಂಶದ ಎಂಟನೆಯ ಸರ್ಗದಲ್ಲಿ ನಾರದ ಹೊರಟಿರುವುದು ಈ ಗೋಕರ್ಣದ ಈಶ್ವರನ ಸನ್ನಿಧಿಗೆ. ದಾರಿಯಲ್ಲಿ ವೀಣೆಯ ತುದಿಯ ಹೂಮಾಲೆ ಗಾಳಿಗೆ ಜಾರಿ ಇಂದುಮತಿಯ ಎದೆಯ ಮೇಲೆ ಬೀಳುತ್ತದೆ, ಅವಳ ಪ್ರಾಣ ಹೋಗುತ್ತದೆ. ಮುಂದಿನದು ಅವಳ ಪತಿ ಅಜನ ವಿಲಾಪ. ಉದ್ಯಾನದಲ್ಲಿ ವಿಹರಿಸುತ್ತಿದ್ದವರ ಮೇಲೆ ಎರಗಿದ ಸಾವು ಅದು. ಗೋಕರ್ಣದ ಹೆಸರು ಬಂದಾಗೆಲ್ಲ ನನಗೆ ಈ ಪ್ರಸಂಗ ನೆನಪಾಗುವುದಕ್ಕೆ ಕಾರಣವಿದೆ. ವಿಹಾರಕ್ಕೆ ಬಂದವರೂ ದುಃಖ ಹೊತ್ತು ಬಂದವರೂ ಇಲ್ಲಿ ಒಂದೇ ಜಗಲಿಯಲ್ಲಿ ಕೂತಿರುತ್ತಾರೆ. ನಮ್ಮ ಪಕ್ಕದ ಎಲೆಗೆ ಕೂತವರು ಬೆಳಿಗ್ಗೆಯಷ್ಟೇ ತಂದೆಗೆ ಪಿಂಡ ಬಿಟ್ಟು ಬಂದಿರುತ್ತಿದ್ದರು. ಅವರಿಗೂ ಅದೇ ಅಪ್ಪೆಹುಳಿ, ಅದೇ ಚಾಪೆ. ಯಾರೂ ಏನೂ ಕೇಳುತ್ತಿರಲಿಲ್ಲ. ಬಂದವರನ್ನು ಸುಮ್ಮನೆ ಇರಗೊಡುವ ಈ ಊರಿನ ಜಾಣ್ಮೆ ದುಃಖಿತರನ್ನು ತಲೆಮಾರುಗಳಿಂದ ಇರಿಸಿಕೊಂಡು ಬಂದದ್ದು ಎಂದೇ ನನ್ನ ನಂಬಿಕೆ. ರಜೆಯವರಾದ ನಾವು ಉಂಡದ್ದು ಅದರ ಪ್ರಸಾದ.

1998ರಲ್ಲಿ ಕೊಂಕಣ ರೈಲು ಪೂರ್ತಿಯಾದ ಮೇಲೆ ಬರುವುದು ಸುಲಭವಾಯಿತು, ಹೋಗುವುದೂ. ಈಗ ಹೆಚ್ಚಿನವರು ವಾರಾಂತ್ಯಕ್ಕೆ ಬಂದು ಓಡುತ್ತಾರೆ. ಬರಲಿ, ಸಮುದ್ರ ಎಲ್ಲರದು. ದೇವಸ್ಥಾನದ ಎದುರಿನ ದೊಡ್ಡ ತೀರದ ಬೆಳಗನ್ನು ಮಾತ್ರ ಪಿತೃಕಾರ್ಯಕ್ಕೆ ಬಂದವರಿಗೆ ಬಿಟ್ಟುಕೊಡಿ; ಅಲ್ಲಿ ಸ್ಪೀಕರು, ಚೆಂಡು, ಕ್ಯಾಮೆರಾ ಬೇಡ. ರಾಮತೀರ್ಥದ ಸಿಹಿನೀರು ಕುಡಿದು ಗುಡ್ಡ ಹತ್ತಿದರೆ ಆಚೆ ಕುಡ್ಲೆ ಇದೆ, ಅದರಾಚೆ ಓಂ ಬೀಚಿದೆ. ಎಷ್ಟು ಬೇಕಾದರೂ ಆಡಿ.