ಪದಕಪಟ್ಟಿ ಸಾಕೇ?

ಸತ್ತ ಯೋಧರ ಲೆಕ್ಕ ಸರ್ಕಾರದ ಪದಕಪಟ್ಟಿಯಲ್ಲಿದೆ, ಊರೂರಿಗೆ ಸ್ಮಾರಕ ಯಾಕೆ ಎಂಬ ಲೇಖನ ಓದಿದೆ. ಹಾಗಾದರೆ ಕೊಡಗಿನ ಅಜ್ಜಮಾಡ ದೇವಯ್ಯ ಎಲ್ಲಿದ್ದರು?

1965ರ ಸೆಪ್ಟೆಂಬರ್ 7ರಂದು ಸರ್ಗೋಧಾ ದಾಳಿಗೆ ಹಾರಿದ ಈ ಸ್ಕ್ವಾಡ್ರನ್ ಲೀಡರ್ ಮರಳಲಿಲ್ಲ, ವಯಸ್ಸು 32. ಕಡತ ‘ನಾಪತ್ತೆ’ ಎಂದು ಕೈತೊಳೆದುಕೊಂಡಿತು. ನಿಧಾನಗತಿಯ ತಮ್ಮ ಮಿಸ್ಟೇರ್‌ನಿಂದಲೇ ಅವರು ಶಬ್ದಕ್ಕಿಂತ ಎರಡು ಪಟ್ಟು ವೇಗದ ಸ್ಟಾರ್‌ಫೈಟರ್ ಉರುಳಿಸಿದ್ದು ಬಯಲಾದದ್ದು, ಪಾಕ್ ವಾಯುಪಡೆಯ ಕಥೆ ಬರೆದ ಬ್ರಿಟಿಷ್ ಲೇಖಕ ಜಾನ್ ಫ್ರಿಕರ್‌ನಿಂದ! ಮಹಾವೀರ ಚಕ್ರ ಬಂದದ್ದು 1988ರಲ್ಲಿ.

ಜೋಗಿಮಟ್ಟಿಯ ತಪ್ಪಲಿನ ನಮಗಂತೂ ಇದು ಹೊಸತಲ್ಲ. ಒನಕೆ ಹಿಡಿದ ಓಬವ್ವನಿಗೆ ಯಾವ ಪದಕವಿತ್ತು ಸ್ವಾಮಿ? ಅವಳ ಕಿಂಡಿಯನ್ನು ಜನ ಇಂದಿಗೂ ಹುಡುಕಿಕೊಂಡು ಬರುತ್ತಾರೆ. ಮಡಿಕೇರಿಯ ದೇವಯ್ಯ ವೃತ್ತ ದಂಡವೆನ್ನುವವರು ಮೊದಲು ಆ 23 ವರ್ಷಗಳ ಲೆಕ್ಕ ಕೊಡಲಿ.