ಲೈಫ್ ಟೈಮ್ ಆಯಿಲ್ ಅಂತೆ! ಯಾರ ಲೈಫು ಸ್ವಾಮಿ?

ಊರಿಂದ ವಾಪಸ್ ಬಂದು ಮೂರು ದಿನ ಆಯ್ತು. ಉಗುರಿನ ಸಂದಿಯಲ್ಲಿ ಸೇರಿಕೊಂಡ ಎಣ್ಣೆ ಇನ್ನೂ ಹೋಗಿಲ್ಲ. ಆಫೀಸಲ್ಲಿ ಕೀಬೋರ್ಡ್ ಮೇಲೆ ಕೈ ಇಟ್ಟಾಗಲೆಲ್ಲ ಕಾಣಿಸುತ್ತೆ, ಕಂಡಾಗಲೆಲ್ಲ ಸಿಟ್ಟು ಬರುತ್ತೆ. ಇವತ್ತು ಅದನ್ನ ಇಲ್ಲಿ ಕಾರಿಕೊಂಡುಬಿಡೋಣ ಅಂತ ಕೂತಿದೀನಿ. ಕಾರಿನ ವಿಷಯ ನಮಗ್ಯಾಕೆ ಅಂತ ಮುಂದಕ್ಕೆ ಹೋಗ್ಬೇಡಿ. ಊರಲ್ಲಿ ನಿಮ್ಮಪ್ಪನೋ ಮಾವನೋ ಒಂದು ಹಳೇ ಆಟೊಮ್ಯಾಟಿಕ್ ಗಾಡಿ ಇಟ್ಕೊಂಡಿರಬಹುದು.

ನಮ್ಮನೆ ಇರೋದು ಆಲೂರು ತಾಲ್ಲೂಕಿನಲ್ಲಿ, ಕೆಂಚಮ್ಮನ ಹೊಸಕೋಟೆ ಕಡೆ. ನಾಲ್ಕೆಕರೆ ಕಾಫಿ, ಸಿಲ್ವರ್ ಮರಕ್ಕೆ ಹಬ್ಬಿಸಿದ ಮೆಣಸು. ಆರು ವರ್ಷದ ಹಿಂದೆ ಅಪ್ಪ ಮೆಣಸು ಕುಯ್ಯುವಾಗ ಏಣಿ ಜಾರಿ ಬಿದ್ದು ಎಡಗಾಲಿನ ಮಂಡಿ ಕೆಡಿಸಿಕೊಂಡ್ರು. ನಡೆಯೋಕೆ ತೊಂದ್ರೆ ಇಲ್ಲ, ಆದ್ರೆ ಕ್ಲಚ್ ತುಳಿಯೋಕೆ ಆಗಲ್ಲ. ನಮ್ಮೂರಿಗೆ ಬಸ್ಸು ಬೆಳಿಗ್ಗೆ ಒಂದು, ಸಂಜೆ ಒಂದು, ಮಳೆಗಾಲದಲ್ಲಿ ಅದೂ ಡ್ರೈವರ್ ಮನಸ್ಸು. ಹಂಗಾಗಿ ಒಂದು ಸೆಕೆಂಡ್ ಹ್ಯಾಂಡ್ ಆಟೊಮ್ಯಾಟಿಕ್ ಕಾರು ತಗೊಂಡ್ವಿ, 2010ರ ಮಾಡೆಲ್. ಸಕಲೇಶಪುರಕ್ಕೆ ಕಾಫಿ ರೇಟು ಕೇಳೋಕೆ, ಹಾಸನಕ್ಕೆ ಬ್ಯಾಂಕಿಗೆ, ಮಂಗಳೂರಿಗೆ ಮಂಡಿ ತೋರಿಸೋಕೆ, ಎಲ್ಲಕ್ಕೂ ಅದೇ. ಆ ಗಾಡಿ ನಿಂತ್ರೆ ಅಪ್ಪ ಯಾರದ್ದೋ ಜೀಪಿಗೆ ಕಾಯ್ತಾ ಜಗಲಿ ಮೇಲೆ ಕೂರಬೇಕು. ಜನ್ಮದಲ್ಲಿ ಯಾರನ್ನೂ ಏನೂ ಕೇಳದ ಮನುಷ್ಯ.

ಎರಡು ತಿಂಗಳ ಹಿಂದೆ ಫೋನ್ ಮಾಡಿ ಹೇಳಿದ್ರು, "ಗಾಡಿ ಎರಡರಿಂದ ಮೂರಕ್ಕೆ ಬೀಳುವಾಗ ಗುದ್ದುತ್ತೆ ಕಣ್ಲಾ. ಡಿಗೆ ಹಾಕಿದ್ರೆ ಒಂದು ಗಳಿಗೆ ಯೋಚ್ನೆ ಮಾಡಿ ಆಮೇಲೆ ಹೊರಡುತ್ತೆ." ಸರ್ವಿಸ್ ಸೆಂಟರ್‌ಗೆ ತಗೊಂಡು ಹೋದ್ರು. (ಹೆಸರು ಬೇಡ. ಹಿಂದೆ ಬೇರೆ ಎರಡು ಕಡೆಯೂ ಇದೇ ಉತ್ತರ ಕೇಳಿದೀನಿ.) ಅಲ್ಲಿ ಟೈ ಕಟ್ಟಿಕೊಂಡ ಹುಡುಗ ಹೇಳಿದ್ದು: "ಗೇರ್‌ಬಾಕ್ಸ್ ಹೋಗಿದೆ ಸಾರ್. ಹೊಸ ಅಸೆಂಬ್ಲಿ ಹಾಕ್ಬೇಕು, ಒಂದೂ ಮುಕ್ಕಾಲು ಲಕ್ಷ ಆಗುತ್ತೆ. ಅದರ ಬದಲು ಎಕ್ಸ್‌ಚೇಂಜ್‌ಗೆ ಕೊಟ್ಟು ಹೊಸದು ತಗೊಳ್ಳಿ." ಗೇರ್ ಆಯಿಲ್ ಬದಲಾಯಿಸಿದ್ರೆ ಏನಾದ್ರೂ ಆಗುತ್ತಾ ಅಂತ ಅಪ್ಪ ಕೇಳಿದ್ದಾರೆ. "ಅದು ಲೈಫ್ ಟೈಮ್ ಆಯಿಲ್ ಸಾರ್, ಅದನ್ನ ಮುಟ್ಟೋ ಹಾಗಿಲ್ಲ."

ಅಲ್ಲ ಸ್ವಾಮಿ, ಗೇರ್‌ಬಾಕ್ಸ್ ಹೋಗಿದೆ ಅಂತ ನೀವೇ ಹೇಳ್ತೀರಿ. ಅದರೊಳಗಿರೋ ಎಣ್ಣೆಗೆ ಮಾತ್ರ ಇನ್ನೂ ಆಯಸ್ಸಿದೆ ಅಂತೀರಿ. ಹೆಣದ ಕೈಯಲ್ಲಿರೋ ವಾಚು ಸರಿಯಾಗಿ ಟೈಮ್ ತೋರಿಸ್ತಿದೆ ಅಂದ ಹಾಗಾಯ್ತು! ಅದು ಯಾರ ಲೈಫ್ ಟೈಮು? ಗಾಡಿದಾ, ಎಣ್ಣೆದಾ, ಇಲ್ಲಾ ವಾರಂಟಿದಾ?

ನಾನು ಮುಂದಿನ ಶನಿವಾರವೇ ಊರಿಗೆ ಹೋದೆ. ಮೊದಲು ಮಾಡಿದ ಕೆಲಸ ಡ್ಯಾಶ್‌ಬೋರ್ಡ್ ಖಾನೆಯಿಂದ ಮ್ಯಾನ್ಯುಯಲ್ ತೆಗೆದಿದ್ದು. ಇಷ್ಟು ವರ್ಷ ಅದನ್ನ ಯಾರೂ ಬಿಡಿಸಿರಲಿಲ್ಲ, ಪ್ಲಾಸ್ಟಿಕ್ ಕವರಿನೊಳಗೆ ಧರ್ಮಸ್ಥಳದ ಕುಂಕುಮದ ಪೊಟ್ಟಣದ ಜೊತೆ ಭದ್ರವಾಗಿತ್ತು. ಮೇಂಟೆನೆನ್ಸ್ ಪುಟದಲ್ಲಿ ಎರಡು ಪಟ್ಟಿ. ಒಂದು ಮಾಮೂಲಿ ಓಡಾಟಕ್ಕೆ, ಇನ್ನೊಂದು ಕಷ್ಟದ ಓಡಾಟಕ್ಕೆ. ಕಷ್ಟದ ಓಡಾಟ ಅಂದ್ರೆ ಯಾವುದು ಅಂತಾನೂ ಬರೆದಿದ್ರು: ಗುಡ್ಡಗಾಡು ರಸ್ತೆ, ನಿಂತು ನಿಂತು ಹೋಗೋ ಟ್ರಾಫಿಕ್, ಧೂಳು, ಕೆಸರು, ಭಾರ. ಓದಿ ನಗು ಬಂತು. ಇದು ನಮ್ಮ ತಾಲ್ಲೂಕಿನ ವರ್ಣನೆ! ಆ ಪಟ್ಟಿ ಪ್ರಕಾರ ಆಟೊಮ್ಯಾಟಿಕ್ ಗೇರ್‌ಬಾಕ್ಸಿನ ಎಣ್ಣೆಯನ್ನ 40,000 ಕಿ.ಮೀ.ಗೆ ಬದಲಾಯಿಸಬೇಕು. ನಮ್ಮ ಗಾಡಿ ಓಡಿರೋದು 1,12,000. ಸರ್ವಿಸ್ ಪುಸ್ತಕ ತುಂಬಾ ಸೀಲು, ಗೇರ್ ಆಯಿಲಿನದ್ದು ಒಂದೂ ಇಲ್ಲ. ಬರೆದಿರೋದು ಅವರದ್ದೇ ಕಂಪನಿ, ಓದದೆ ಇರೋರು ಅವರದ್ದೇ ಹುಡುಗರು.

ಕೆಲವು ಗಾಡಿಗಳ ಮ್ಯಾನ್ಯುಯಲ್‌ನಲ್ಲೇ ಲೈಫ್ ಟೈಮ್ ಅಂತ ಇರೋದೂ ನಿಜ. ಅಂಥ ಕಡೆ ಗೇರ್‌ಬಾಕ್ಸ್ ಮಾಡಿದವರನ್ನೇ ಕೇಳ್ಬೇಕು. ಬಿಎಂಡಬ್ಲ್ಯೂ ಥರದ ದೊಡ್ಡ ದೊಡ್ಡ ಕಾರುಗಳಿಗೆ ಗೇರ್‌ಬಾಕ್ಸ್ ಮಾಡಿಕೊಡೋ ಜರ್ಮನಿಯ ಜೆಡ್‌ಎಫ್ ಕಂಪನಿ, ಓಡಿಸೋ ರೀತಿ ನೋಡಿಕೊಂಡು 80,000ದಿಂದ 1,20,000 ಕಿ.ಮೀ.ಗೆ ಇಲ್ಲಾ ಎಂಟು ವರ್ಷಕ್ಕೆ ಎಣ್ಣೆ ಬದಲಾಯಿಸಿ ಅಂತ ಹೇಳುತ್ತೆ. ಗೇರ್‌ಬಾಕ್ಸ್ ಹೆತ್ತವರು ಒಂದು ಹೇಳ್ತಾರೆ, ಕಾರು ಮಾರೋರು ಇನ್ನೊಂದು.

ಇದು ಬರೀ ಜಾರೋಕೆ ಹಾಕೋ ಎಣ್ಣೆ ಅಲ್ಲ ಅನ್ನೋದನ್ನ ಮೊದಲು ತಿಳ್ಕೋಬೇಕು. ಎರಡು ಟೇಬಲ್ ಫ್ಯಾನ್ ಎದುರುಬದುರು ಇಟ್ಟು ಒಂದನ್ನ ಆನ್ ಮಾಡಿ. ಅದರ ಗಾಳಿಗೆ ಇನ್ನೊಂದೂ ತಿರುಗುತ್ತೆ. ಟಾರ್ಕ್ ಕನ್ವರ್ಟರ್ ಅಂದ್ರೆ ಅದೇ, ಗಾಳಿ ಜಾಗದಲ್ಲಿ ಎಣ್ಣೆ. ಇಂಜಿನ್ ಒಂದು ಕಡೆ ಎಣ್ಣೆ ಎರಚುತ್ತೆ, ಆ ರಭಸಕ್ಕೆ ಇನ್ನೊಂದು ಕಡೆ ತಿರುಗಿ ಚಕ್ರಕ್ಕೆ ಬಲ ಹೋಗುತ್ತೆ. ಒಳಗಿನ ಕ್ಲಚ್ ಪ್ಲೇಟುಗಳನ್ನ ಒತ್ತಿ ಹಿಡಿದು ಗೇರ್ ಹಾಕೋದೂ ಎಣ್ಣೆಯ ಒತ್ತಡವೇ. ಬಿಸಿ ಹೊತ್ತು ಕೂಲರ್‌ಗೆ ಒಯ್ಯೋದೂ ಅದೇ. ಪ್ಲೇಟುಗಳು ಎಷ್ಟು ಜಾರಬೇಕು, ಯಾವಾಗ ಕಚ್ಚಬೇಕು ಅನ್ನೋದಕ್ಕೆ ಅದರಲ್ಲಿ ಬೇರೆ ಮದ್ದು ಸೇರಿಸಿರ್ತಾರೆ. (1970ರ ದಶಕದ ಆರಂಭದವರೆಗೂ ಅಮೆರಿಕದಲ್ಲಿ ಈ ಮದ್ದಿಗೆ ತಿಮಿಂಗಿಲದ ಎಣ್ಣೆ ಬಳಸ್ತಿದ್ರು. ಕಾರಿನ ಗೇರಿಗೋಸ್ಕರ ತಿಮಿಂಗಿಲ!) ಆ ಮದ್ದು ಸವೆಯುತ್ತೆ. ಸವೆದ ಮೇಲೆ ಗುದ್ದೋದು, ತಡವರಿಸೋದು ಶುರು.

ಸವೆಸೋದು ಬಿಸಿ. ಎಣ್ಣೆಯ ಬಿಸಿ ಹತ್ತು ಡಿಗ್ರಿ ಏರಿದ್ರೆ ಆಯಸ್ಸು ಸುಮಾರು ಅರ್ಧ ಆಗುತ್ತೆ ಅನ್ನೋದು ಹಳೇ ಲೆಕ್ಕ. ಸಪಾಟಾದ ಹೈವೇಲಿ ಎಂಬತ್ತರಲ್ಲಿ ಹೋಗುವಾಗ ಒಳಗಿನ ಲಾಕಪ್ ಕ್ಲಚ್ ಎರಡೂ ಕಡೆಯನ್ನ ಬಿಗಿಯಾಗಿ ಜೋಡಿಸಿಬಿಡುತ್ತೆ, ಎಣ್ಣೆಗೆ ಆರಾಮು. ಈಗ ಗುಂಡ್ಯದಿಂದ ಶಿರಾಡಿ ಹತ್ತಿ ನೋಡಿ. ಮುಂದೆ ಗ್ಯಾಸ್ ಟ್ಯಾಂಕರ್, ಅದರ ಮುಂದೆ ಇನ್ನೊಂದು ಟ್ಯಾಂಕರ್, ಇಪ್ಪತ್ತರ ಸ್ಪೀಡು. ಲಾಕಪ್ ಕಚ್ಚೋದೇ ಇಲ್ಲ. ಇಂಜಿನ್ ಕೊಟ್ಟ ಬಲದಲ್ಲಿ ಒಂದು ಪಾಲು ಚಕ್ರಕ್ಕೆ ಹೋಗದೆ ಎಣ್ಣೆ ಕಾಯಿಸೋಕೆ ಹೋಗುತ್ತೆ, ಸುಮಾರು 900 ಮೀಟರ್ ಎತ್ತರದ ಸಕಲೇಶಪುರ ಮುಟ್ಟೋವರೆಗೂ. 2024ರ ಜುಲೈನಲ್ಲಿ ದೊಡ್ಡತಪ್ಲು ಹತ್ರ ಗುಡ್ಡ ಕುಸಿದಾಗ ನಿಂತು ನಿಂತು ಸಾಗಿದ ಸಾಲುಗಳನ್ನ ನೆನಪು ಮಾಡ್ಕೊಳ್ಳಿ. ಬಿಸಲೆ ಕಡೆಯ ತಿರುವುಗಳು, ತೋಟದೊಳಗಿನ ಕಲ್ಲುದಾರಿ, ಹಿಂದಿನ ಸೀಟಲ್ಲಿ ಎರಡು ಮೂಟೆ ಗೊಬ್ಬರ... ಇಲ್ಲಿ ಓಡೋ 40,000 ಕಿ.ಮೀ. ಬಯಲುಸೀಮೆಯ 40,000 ಅಲ್ಲ.

ಇನ್ನು ನಮ್ಮ ಜನದ ಕಡೆ ಬರ್ತೀನಿ, ಬರೀ ಸರ್ವಿಸ್ ಸೆಂಟರ್‌ನವರನ್ನ ಬೈದ್ರೆ ಅನ್ಯಾಯ ಆಗುತ್ತೆ. ಸುಗ್ಗಿಗೆ ಮುಂಚೆ ಪಲ್ಪರ್ ಬಿಚ್ಚಿ ಗ್ರೀಸ್ ಹಾಕ್ತೀವಿ. ಸ್ಪ್ರೇ ಪಂಪಿನ ಎಣ್ಣೆ ನೋಡ್ತೀವಿ, ಟಿಲ್ಲರ್‌ಗೂ ಆಯಿಲ್ ಬದಲಾಯಿಸ್ತೀವಿ. ಕಾರಿಗೆ ಮಾತ್ರ ಸೀಟ್ ಕವರ್, ವಾರಕ್ಕೊಂದು ಸ್ನಾನ, ಆಯುಧಪೂಜೆಗೆ ಹಾರ. ಒಳಗಿರೋ ಎಣ್ಣೆ ಯಾವ ಬಣ್ಣದ್ದು ಅಂತ ಒಬ್ಬರಿಗೂ ಗೊತ್ತಿಲ್ಲ.

ನಾನು ಎಣ್ಣೆ ಬದಲಾಯಿಸ್ತೀನಿ ಅಂದಾಗ ಚಿಕ್ಕಪ್ಪ ಹೌಹಾರಿದ್ರು. "ಹಳೇ ಎಣ್ಣೆ ತೆಗೆದ್ರೆ ಗೇರ್‌ಬಾಕ್ಸ್ ಕೂತ್ಬಿಡುತ್ತೆ ಕಣ್ಲಾ. ನಮ್ಮ ಪೈಕಿ ಒಬ್ರು ಹಂಗೇ ಮಾಡಿ ಕಳ್ಕೊಂಡ್ರು." ಈ ಕಥೆ ನೀವೂ ಕೇಳಿರ್ತೀರಿ. ಇದು ಪೂರ್ತಿ ಸುಳ್ಳಲ್ಲ, ಅದಕ್ಕೇ ಇಷ್ಟು ಗಟ್ಟಿಯಾಗಿ ಉಳಿದಿದೆ. ಪ್ಲೇಟುಗಳು ಸವೆದು ಆಗಲೇ ಜಾರ್ತಿರೋ ಗೇರ್‌ಬಾಕ್ಸು, ಎಣ್ಣೆ ಕಪ್ಪಾಗಿ ಸುಟ್ಟ ವಾಸನೆ. ಆವಾಗ ಕೊನೇ ಪ್ರಯತ್ನ ಅಂತ ಹೊಸ ಎಣ್ಣೆ ಹಾಕ್ತಾರೆ. ಸಾಯೋ ಗೇರ್‌ಬಾಕ್ಸು ಸಾಯುತ್ತೆ, ಹೆಸರು ಹೊಸ ಎಣ್ಣೆಗೆ ಬರುತ್ತೆ. ಐಸಿಯುನಲ್ಲಿ ಡಾಕ್ಟರ್ ಕೊಟ್ಟ ಕೊನೇ ಇಂಜೆಕ್ಷನ್ನೇ ಕೊಂದಿದ್ದು ಅಂದ ಹಾಗೆ. ಇನ್ನೊಂದು, ಮೆಷಿನ್ ಇಟ್ಟು ರಭಸದಿಂದ ತೊಳೆಯೋದು. ವರ್ಷಾನುಗಟ್ಟಲೆ ತಳದಲ್ಲಿ ಕೂತಿದ್ದ ಕೊಳೆ ಎದ್ದು ವಾಲ್ವ್ ಬಾಡಿಯ ಸಣ್ಣ ತೂತುಗಳಿಗೆ ಸಿಕ್ಕಿಕೊಳ್ಳಬಹುದು. ಆ ಭಯ ನ್ಯಾಯವಾದದ್ದೇ, ಹಳೇ ಗಾಡಿಗೆ ನಾನೂ ಅದನ್ನ ಮಾಡಿಸಲ್ಲ. ಆದ್ರೆ ಇಳಿಸಿ ತುಂಬೋದೇ ಬೇರೆ, ಮೆಷಿನ್ನಲ್ಲಿ ತೊಳೆಯೋದೇ ಬೇರೆ.

ನಮ್ಮ ಫೀಲ್ಡಲ್ಲೂ ಇದೇ ರೋಗ ಅಲ್ವಾ? "ಓಡ್ತಿರೋ ಕೋಡ್ ಮುಟ್ಬೇಡ." ಹದಿನೈದು ವರ್ಷ ಯಾರೂ ಮುಟ್ಟದೆ, ಒಂದು ದಿನ ಬಿದ್ದಾಗ ಕೊನೇಲಿ ಮುಟ್ಟಿದ ಪಾಪದವನ ತಲೆಗೆ ಕಟ್ಟೋದು. :)

ಸರಿ, ಕೆಲಸಕ್ಕೆ ಬರೋಣ. ಪಕ್ಕದ ಎಸ್ಟೇಟಿನ ಶೆಡ್ಡಲ್ಲಿ ಟ್ರ್ಯಾಕ್ಟರ್‌ಗೆ ಅಂತ ತೋಡಿದ ಗುಂಡಿ ಇದೆ, ಅದರ ಮೇಲೆ ಗಾಡಿ ನಿಲ್ಲಿಸಿದ್ವಿ. (ಬರೀ ಜ್ಯಾಕ್ ನಂಬಿ ಗಾಡಿ ಕೆಳಗೆ ನುಗ್ಗಬೇಡಿ, ದಮ್ಮಯ್ಯ.) ಹತ್ತು ನಿಮಿಷ ಓಡಿಸಿ ಎಣ್ಣೆ ಬೆಚ್ಚಗೆ ಮಾಡ್ಕೊಂಡ್ವಿ. ಹೊಸ ಎಣ್ಣೆ ಹಾಕೋ ಬೋಲ್ಟ್ ಬಿಚ್ಚಿಕೊಳ್ಳುತ್ತಾ ಅಂತ ಮೊದಲು ನೋಡಿ, ಆಮೇಲೆ ತಳದ ಬೋಲ್ಟ್ ಬಿಚ್ಚಿದ್ದು. ಉಲ್ಟಾ ಮಾಡಿ, ಮೇಲಿನದ್ದು ಬಿಚ್ಚದೆ ಹೋದ್ರೆ ಎಣ್ಣೆ ಖಾಲಿಯಾದ ಗಾಡಿ ಗುಂಡಿ ಮೇಲೆ ಕೂತಿರುತ್ತೆ.

ಹೊಸ ಎಣ್ಣೆ ಪುನರ್ಪುಳಿ ಶರಬತ್ತಿನ ಬಣ್ಣ. ನಮ್ಮ ಗಾಡಿಯಿಂದ ಇಳಿದಿದ್ದು ಫಿಲ್ಟರ್‌ನಿಂದ ಇಳಿದ ಡಿಕಾಕ್ಷನ್. ಅಪ್ಪ ಬಗ್ಗಿ ನೋಡಿ, "ಇದನ್ನ ಆಗಲೇ ಕುಡಿಸ್ತಿದ್ವಾ ಗಾಡಿಗೆ?" ಅಂತ ಸುಮ್ಮನಾದ್ರು. ಬೋಲ್ಟಿನ ತುದಿಯಲ್ಲಿ ಒಂದು ಅಯಸ್ಕಾಂತ ಇರುತ್ತೆ, ಅದಕ್ಕೆ ವಿಭೂತಿ ಕಲಸಿದ ಹಾಗೆ ಬೂದು ಪೇಸ್ಟ್ ಅಂಟಿತ್ತು. ಅದು ಮಾಮೂಲಿ ಸವೆತ, ಹೆದರಬೇಕಿಲ್ಲ. ಕೈಗೆ ಚುಚ್ಚೋ ಚೂರುಗಳು ಸಿಕ್ಕಿದ್ರೆ ಮಾತ್ರ ಸರ್ವಿಸ್ ಸೆಂಟರ್ ಹುಡುಗ ಹೇಳಿದ್ದು ನಿಜ ಅಂತ ಒಪ್ಕೋಬೇಕಿತ್ತು. ಸಿಗಲಿಲ್ಲ.

ಇಳಿದಿದ್ದು ಎರಡೂವರೆ ಲೀಟರ್. ಗುರುತು ಹಾಕಿದ ಕ್ಯಾನಲ್ಲಿ ಅಳೆದು ಅಷ್ಟೇ ಹೊಸದು ಹಾಕಿದ್ದು. ಒಳಗೆ ಒಟ್ಟು ಇರೋದು ಆರು ಲೀಟರ್, ಉಳಿದದ್ದು ಟಾರ್ಕ್ ಕನ್ವರ್ಟರ್ ಒಳಗೇ ಕೂತಿರುತ್ತೆ, ಬೋಲ್ಟ್ ಬಿಚ್ಚಿದ್ರೆ ಬರಲ್ಲ. ಹಾಗಾಗಿ ಮೊದಲ ಸಲಕ್ಕೆ ಹೊಸದು ಶೇ. 42 ಅಷ್ಟೇ. ಐನೂರು ಕಿ.ಮೀ. ಓಡಿಸಿ ಇನ್ನೊಂದು ಸಲ ಮಾಡಿದ್ರೆ ಶೇ. 66, ಮೂರನೇ ಸಲಕ್ಕೆ ಶೇ. 80. ಎರಡು ತಿಂಗಳಲ್ಲಿ ಮೂರು ಸಲ ಊರಿಗೆ ಹೋಗಿ ಮಾಡಿದೆ, ಮೂರನೆಯದು ಈ ಭಾನುವಾರ. ಒಟ್ಟು ಏಳೂವರೆ ಲೀಟರ್, ಪ್ರತಿ ಸಲ ಬೋಲ್ಟಿಗೊಂದು ಹೊಸ ವಾಷರ್, ಖರ್ಚು ಎಂಟು ಸಾವಿರದೊಳಗೆ. ಒಂದೂ ಮುಕ್ಕಾಲು ಲಕ್ಷ ಎಲ್ಲಿ, ಎಂಟು ಸಾವಿರ ಎಲ್ಲಿ!

ಕೊನೆಗೆ ಮಟ್ಟ ನೋಡೋದ್ರಲ್ಲಿ ಎಡವಬೇಡಿ. ಕೆಲವು ಗಾಡಿಗೆ ಇಂಜಿನ್ ಓಡ್ತಿರುವಾಗ ಕಡ್ಡಿ ತೆಗೆದು ನೋಡ್ಬೇಕು, ಕೆಲವಕ್ಕೆ ಆಫ್ ಮಾಡಿದ ಒಂದೆರಡು ನಿಮಿಷದೊಳಗೆ. ಈಗಿನ ಎಷ್ಟೋ ಗಾಡಿಗೆ ಕಡ್ಡಿಯೇ ಇಲ್ಲ, ಎಣ್ಣೆ ಇಂತಿಷ್ಟು ಬಿಸಿ ಇರುವಾಗ ಪಕ್ಕದ ತೂತಿಂದ ತೊಟ್ಟಿಕ್ಕೋದು ನೋಡಿ ಮುಚ್ಚಬೇಕು. ಎಣ್ಣೆಯೂ ಅಷ್ಟೇ, ಹೋಂಡಾದ ಡಿಡಬ್ಲ್ಯೂ-1 ಬೇರೆ, ಟೊಯೋಟಾದ ಡಬ್ಲ್ಯೂಎಸ್ ಬೇರೆ, ಹಳೇ ಹ್ಯುಂಡೈಗಳ ಎಸ್‌ಪಿ-3 ಬೇರೆ. ಅಂಗಡಿಯವನು "ಎಲ್ಲಾ ಒಂದೇ ಅಣ್ಣ" ಅಂದ್ರೆ ಅಲ್ಲಿಂದ ಎದ್ದು ಬನ್ನಿ. ಸಿವಿಟಿ ಆದ್ರೆ ಅದರದ್ದೇ ಎಣ್ಣೆ. 2014ರ ಸೆಲೆರಿಯೋ ಜೊತೆ ಬಂದ ಎಎಂಟಿ ಥರದ್ದು ಒಳಗೆ ಮಾಮೂಲಿ ಮ್ಯಾನ್ಯುಯಲ್ ಗೇರ್‌ಬಾಕ್ಸೇ, ಅದಕ್ಕೆ ಈ ಕಥೆ ಯಾವುದೂ ಅನ್ವಯಿಸಲ್ಲ. ನಮ್ಮೂರಲ್ಲಿ ಕ್ಲಚ್ ಇಲ್ಲದ್ದೆಲ್ಲ 'ಆಟೊಮ್ಯಾಟಿಕ್', ಅದಕ್ಕೆ ಹೇಳಿದೆ.

ಇಳಿಸಿದ ಎಣ್ಣೆಯನ್ನ ಚಿಕ್ಕಪ್ಪ ಬೇಲಿ ಕಂಬಕ್ಕೆ ಬಳಿಯೋಣ, ಗೆದ್ದಲು ಬರಲ್ಲ ಅಂದ್ರು. ಉಳಿದದ್ದು? "ಹಳ್ಳಕ್ಕೆ." ಆ ಹಳ್ಳ ಹೋಗಿ ಸೇರೋದು ಹೇಮಾವತಿಗೆ, ಗೊರೂರು ಡ್ಯಾಮಿಗೆ. ಜಗಳ ಆಯ್ತು. ಕ್ಯಾನಿಗೆ ತುಂಬಿ ಹಳೇ ಎಣ್ಣೆ ಡ್ರಮ್ ಇಟ್ಟಿರೋ ಗ್ಯಾರೇಜಿಗೆ ಕೊಟ್ಟು ಬಂದೆ. ಇದು 2016ರ ನಿಯಮಗಳ ಪ್ರಕಾರ ಅಪಾಯಕಾರಿ ತ್ಯಾಜ್ಯ, ನಮ್ಮ ಕಂಬಕ್ಕೂ ಹಾಕಬಾರದು.

ಗಾಡಿ ಹೇಗಿದೆ ಅಂತ ಕೇಳ್ತೀರಲ್ಲ? ಮೊದಲ ಸಲಕ್ಕೆ ಅಂಥ ವ್ಯತ್ಯಾಸ ಆಗಲಿಲ್ಲ, ಚಿಕ್ಕಪ್ಪ ಮೀಸೆಯಲ್ಲೇ ನಕ್ಕರು. ಎರಡನೇ ಸಲ ಆದ್ಮೇಲೆ ಗುದ್ದೋದು ಕಮ್ಮಿ ಆಯ್ತು, ಡಿಗೆ ಹಾಕಿದ ತಕ್ಷಣ ಕಚ್ಚುತ್ತೆ. ಮೂರು ಸಲ ಆದ್ಮೇಲೂ ಚಳಿಯ ಬೆಳಿಗ್ಗೆ ಮೊದಲ ಗೇರ್ ಒಂದು ಸಲ ಸಣ್ಣಗೆ ತಟ್ಟುತ್ತೆ, ಅದು ಹೋಗಿಲ್ಲ, ಬಹುಶಃ ಹೋಗೋದೂ ಇಲ್ಲ. 40,000ಕ್ಕೇ ಬದಲಾಯಿಸಿದ್ರೆ ಅದೂ ಇರ್ತಿರಲಿಲ್ಲವೇನೋ. ನಿನ್ನೆ ಅಪ್ಪ ಶಿರಾಡಿ ಇಳಿದು ಮಂಗಳೂರಿಗೆ ಹೋಗಿ ಸಂಜೆಗೆ ವಾಪಸ್ ಹತ್ತಿ ಬಂದಿದ್ದಾರೆ. ಮಾರನಹಳ್ಳಿಯಲ್ಲಿ ಟೀ ಕುಡಿಯೋಕೆ ನಿಲ್ಲಿಸಿದಾಗ ಫೋನ್ ಮಾಡಿ ಹೇಳಿದ್ದು ಒಂದೇ ಮಾತು, "ಟ್ಯಾಂಕರ್ ಹಿಂದೇನೇ ಬಂದೆ ಕಣ್ಲಾ."

ನಿಮ್ಮನೇ ಗಾಡಿಯ ಮ್ಯಾನ್ಯುಯಲ್ ತೆಗೆದು ಆ ಎರಡನೇ ಪಟ್ಟಿಯಲ್ಲಿ ಎಷ್ಟು ಕಿ.ಮೀ. ಅಂತಿದೆ ಕಾಮೆಂಟಲ್ಲಿ ಬರೀರಿ. ಲೈಫ್ ಟೈಮ್ ಅಂತಿದ್ರೆ ಅದನ್ನೂ ಬರೀರಿ, ಗೇರ್‌ಬಾಕ್ಸ್ ಮಾಡಿದವರು ಏನಂತಾರೆ ನಾನು ಹುಡುಕ್ತೀನಿ.