ನೆನೆದ ಮದ್ದು ಯಾರ ಹೊಣೆ?

ಚುನಾವಣೆ ಬಂತು ಅಂದ್ರೆ ಲೈಸೆನ್ಸ್ ಬಂದೂಕುಗಳನ್ನ ಠಾಣೆಗೆ ತರಿಸೋದು ಆಡಳಿತಕ್ಕೆ ಗೊತ್ತು. ಪ್ರವಾಹ ಬಂದ್ರೆ? 2018, 2019ರಲ್ಲಿ ಕಪಿಲೆ ನಂಜನಗೂಡಿಗೆ ನುಗ್ಗಿದಳು. ಕಾವೇರಿಯನ್ನು ಆಕೆ ಸೇರುವ ಟಿ. ನರಸೀಪುರಕ್ಕೂ ಇದೇ ಭಯ.

ಬೆಳೆ ಕಾಯಲು ನಳಿಗೆಯ ಬಾಯಿಂದ ಮದ್ದು ತುಂಬುವ ಬಂದೂಕಿಗೆ 1959ರ ಶಸ್ತ್ರಾಸ್ತ್ರ ಕಾಯ್ದೆಯಲ್ಲಿ ಲೈಸೆನ್ಸ್ ಉಂಟು. ಆದರೆ ಕರಿಮದ್ದಿನ ಪೆಟ್ಲುಪ್ಪು ನೀರಲ್ಲಿ ಕರಗುತ್ತೆ. ಒಣಗಿಸಿದ್ರೂ ಹಳೇ ಹದ ಬರಲ್ಲ. ನೆನೆದ ಕಾಡತೂಸು ಇನ್ನೂ ಮೋಸ: ಟ್ರಿಗರ್ ಎಳೆದಾಗ ಸುಮ್ಮನಿದ್ದು, ಬಂದೂಕು ಬಿಚ್ಚುವಾಗ ಸಿಡಿಯಬಹುದು. ಒಲೆ ಪಕ್ಕ ಒಣಗಿಸೋದು, ಹೊಳೆಗೆ ಎಸೆಯೋದು ಎರಡೂ ಬೇಡ. ಮೊದಲು ಠಾಣೆಗೆ ಫೋನ್ ಮಾಡಿ ತಿಳಿಸಿ.

ಹೊಣೆಯನ್ನೆಲ್ಲ ರೈತನ ತಲೆಗೆ ಕಟ್ಟಿದ್ರೆ ಸಾಲದು. ಲೈಸೆನ್ಸ್ ಪಟ್ಟಿ ಸರ್ಕಾರದ ಕೈಯಲ್ಲೇ ಇದೆ. ಮನೆ, ಬೆಳೆ ಹಾನಿ ಸರ್ವೆಯಲ್ಲಿ ಇದಕ್ಕೂ ಒಂದು ಕಾಲಂ ಇರಲಿ.